ಕುಗ್ಗುವ ದೋಣಿ, ಹಿಗ್ಗುವ ದೋಣಿ

"ಕಪ್ ಕೊಡ್ಬೇಡಿ! ಮೊದ್ಲು ಅವನ ದೋಣಿ ಅಳೀರಿ!" ಎಂದು ಮರ್ಲ್ ಬಂದರಿನ ಕಟ್ಟೆ ಹತ್ತಿ ಕೂಗಿದ.

ಕಪ್ಪಿಗೆ ಚಾಚಿದ್ದ ಆಲ್ಟನ್‌ನ ಕೈ ಅಲ್ಲೇ ನಿಂತಿತು. ಲಾಬ್‌ಸ್ಟರ್ ಹಿಡಿಯುವವರ ದೋಣಿ ರೇಸಿನಲ್ಲಿ ಹನ್ನೊಂದು ವರ್ಷ ಮರ್ಲ್‌ನ ಹೊಗೆ ಕುಡಿದವನು, ಇವತ್ತು ಮೊದಲ ಸಲ ಅವನಿಗೆ ನೊರೆ ಕುಡಿಸಿದ್ದ.

"ಇದು ಮೂವತ್ತಡಿ ಮೇಲಿನ ದೋಣಿಗಳ ರೇಸು. ಇವ್ನು ತೆರಿಗೆಗೆ ಬರ್ಸಿರೋದು ಬರೀ ಇಪ್ಪತ್ತಾರು! ಬಿಯರ್ ಕುಡೀತಾ ಇವ್ನೇ ಕೊಚ್ಕೊಂಡಿದ್ದ."

ಅಮೆರಿಕದ ಮೇನ್ ಕರಾವಳಿಯ ಆ ಪುಟ್ಟ ಊರಿನಲ್ಲಿ ದೋಣಿ ತೆರಿಗೆ ಅಡಿ ಲೆಕ್ಕದಲ್ಲಿ. ಉದ್ದ ಎಷ್ಟೆಂದು ಮಾಲೀಕ ಹೇಳಿದ್ದೇ ವೇದವಾಕ್ಯ. ಹಾಗಾಗಿ ಆಲ್ಟನ್‌ನ ದೋಣಿ ಕಚೇರಿಗೆ ಹೋದರೆ ಕುಗ್ಗುತ್ತಿತ್ತು, ರೇಸಿಗೆ ಬಂದರೆ ಹಿಗ್ಗುತ್ತಿತ್ತು. ಫಜೀತಿಯೆಂದರೆ, ತೆರಿಗೆ ವಸೂಲಿಯ ಥರ್ಜಕ್ಕನೇ ರೇಸಿನ ತೀರ್ಪುಗಾರ್ತಿ.

ಅವಳು ಕನ್ನಡಕ ಏರಿಸಿದಳು. "ನೋಡೋ ಆಲ್ಟನ್, ಇಪ್ಪತ್ತಾರೇ ಅಂದ್ರೆ ಕಪ್ ಮರ್ಲ್‌ಗೆ. ಮೂವತ್ತು ದಾಟಿದ್ರೆ ಕಪ್ ನಿಂಗೆ, ಇಷ್ಟು ವರ್ಷದ ಬಾಕಿ ತೆರಿಗೆ ನಂಗೆ. ಅಳೀಲಾ, ಬೇಡ್ವಾ?"

"ಅಕ್ಕಾ, ನೀರಲ್ಲಿದ್ದು ಇದ್ದು ಮರ ಸ್ವಲ್ಪ ಉಬ್ಬತ್ತಲ್ವಾ?"

"ನಾಲ್ಕಡಿ ಉಬ್ಬತ್ತೇನೋ? ಅದೇನು ದೋಣಿಯೋ, ಬ್ರೆಡ್ ಹಿಟ್ಟೋ?"

ಜನ ಬಿದ್ದು ಬಿದ್ದು ನಕ್ಕರು. ಆಲ್ಟನ್‌ಗೆ ಹೊಸ ಎಂಜಿನ್ನಿಗೆಂದು ಕೂಡಿಟ್ಟ ಹಣ ನೆನಪಾಯಿತು. ಕಪ್ ನೋಡಿದ. ಮರ್ಲ್‌ನ ಹಲ್ಲುಗಳನ್ನೂ ನೋಡಿದ. ಅಷ್ಟೂ ಕಾಣಿಸುತ್ತಿದ್ದವು.

"ಅಳೆದ್ಬಿಡು ಅಕ್ಕಾ! ದುಡ್ಡು ಇನ್ನೊಂದ್ಸಲ ದುಡೀಬಹುದು, ಇವನ ಸೋತ ಮುಖ ಮತ್ತೆ ನೋಡೋಕೆ ಸಿಗಲ್ಲ!"

ಟೇಪ್ ಎಳೆದರು. ಮೂವತ್ತೊಂದು ಅಡಿ, ಎರಡು ಅಂಗುಲ. ಆಲ್ಟನ್ ಕಪ್ಪಿಗೆ ಮುತ್ತಿಟ್ಟ. ಥರ್ಜಕ್ಕ ಪುಸ್ತಕದಲ್ಲಿ ಬರೆದುಕೊಂಡಳು. ಟೇಪನ್ನು ಮಾತ್ರ ಸುತ್ತಿಡಲಿಲ್ಲ.

"ನ್ಯಾಯ ಅಂದ್ಮೇಲೆ ಎಲ್ರಿಗೂ ಒಂದೇ. ಮರ್ಲ್, ನೀನು ಬರ್ಸಿರೋದು ಇಪ್ಪತ್ನಾಲ್ಕು ಅಲ್ವೇನೋ? ಬಾ, ನಿಂದೂ ಅಳೆದ್ಬಿಡೋಣ. ಆಮೇಲೆ ಉಳಿದೋರ್ದು."

ಮರ್ಲ್ ಕಟ್ಟೆಯಿಂದ ತನ್ನ ದೋಣಿಗೆ ಹಾರಿದ, ಉಳಿದವರೂ ತಂತಮ್ಮ ದೋಣಿಗೆ ಹಾರಿದರು. ಆಮೇಲೆ ಒಂದು ಎಂಜಿನ್ ಗುಡುಗಿತು, ಅದರ ಹಿಂದೆಯೇ ಇನ್ನೂ ಏಳು. ಗಂಟು ಬಿಚ್ಚಲೂ ಪುರುಸೊತ್ತಿಲ್ಲದೆ ಹಗ್ಗ ಕೊಯ್ದುಕೊಂಡು ದೋಣಿಗಳೆಲ್ಲ ಬಂದರಿನ ಬಾಯಿಯತ್ತ ಚಿಮ್ಮಿದವು. ಎಲ್ಲರಿಗಿಂತ ಮುಂದೆ ಮರ್ಲ್.

ಆಲ್ಟನ್ ಕಪ್ಪನ್ನು ಬಗಲಿಗಿಟ್ಟು, ಎರಡೂ ಕೈ ಬಾಯಿಗೆ ಹಿಡಿದು ಕೂಗಿದ:

"ಲೋ ಮರ್ಲ್! ಬೆಳಗ್ಗೆ ರೇಸಲ್ಲೇ ಹಿಂಗೆ ಓಡ್ಸಿದ್ರೆ ನೀನೇ ಗೆಲ್ತಿದ್ಯಲ್ಲೋ!"