ಎದುರುಗಾಳಿಯ ಬಂಡಿ

ತಿಥಿ ಮುಗಿದು ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ಕೋನಪ್ಪ ಬಂದು ಜಗುಲಿಯ ಮೇಲೆ ಕೂತ. ಕಾಫಿ ಕುಡಿದ. ಆಷಾಢದ ಗಾಳಿಯನ್ನು ಬೈದ. ಹಿಪ್ಪುನೇರಳೆ ಸೊಪ್ಪಿನ ರೇಟನ್ನು ಬೈದ. ಹೊರಟವನು ಗೇಟಿನ ತನಕ ಹೋಗಿ, ಮತ್ತೆ ಬಂದು ಕೂತ.

ಅವನ ಹುಳುಮನೆಗೆ ಇವತ್ತು ಹೊಸ ರೇಷ್ಮೆಹುಳು ಬರುತ್ತದಂತೆ ಎಂದು ಅತ್ತೆ ಕೊಂಡಮ್ಮ ಮಾತು ತೆಗೆದಾಗ ಹರಿಣಿಗೆ ಹೊಳೆಯಿತು. ಅವನಿಗೆ ಬೇಕಾದದ್ದು ಹುಳುಮನೆ ಶೆಡ್ಡಿನ ಗಾಳಿಕಿಂಡಿಯ ಫ್ಯಾನಿನ ರೆಕ್ಕೆ. ಶೆಡ್ ಖಾಲಿಯಿದ್ದಾಗ ತೀರಿಹೋದ ಅವಳ ಗಂಡ, ಸ್ಕೂಲು ಮೇಷ್ಟ್ರು ಭಾನುಪ್ರಕಾಶ್, ಅದನ್ನು ಬಿಚ್ಚಿಕೊಂಡು ಬಂದಿದ್ದ. ಈಗ ಸಾವಿನ ಮನೆಯಲ್ಲಿ ಕೂತು ಫ್ಯಾನು ಕೇಳುವುದಾದರೂ ಹೇಗೆ?

"ಮಧ್ಯಾಹ್ನದೊಳಗೆ ತಂದುಕೊಡ್ತೀನಣ್ಣ," ಎಂದಳು.

"ಅರ್ಜೆಂಟೇನಿಲ್ಲಮ್ಮ," ಎಂದ ಕೋನಪ್ಪ. "ಮಧ್ಯಾಹ್ನ ಸಾಕು."

ರೆಕ್ಕೆ ಇದ್ದದ್ದು ಹಿತ್ತಿಲಲ್ಲಿ, ಭಾನುವಿನ ಬಂಡಿಯ ಮೂತಿಗೆ. ಮೂರು ಗಾಲಿಯ, ಮೊಣಕಾಲೆತ್ತರದ ಬಂಡಿ. ಎದುರಿನಿಂದ ಬೀಸುವ ಗಾಳಿಗೆ ರೆಕ್ಕೆ ತಿರುಗಬೇಕು, ರೆಕ್ಕೆಯ ದಂಡಕ್ಕೆ ಸುತ್ತಿದ ದಾರ ಗಾಲಿಯನ್ನು ತಿರುಗಿಸಬೇಕು, ಬಂಡಿ ಗಾಳಿಗೆ ಮುಖ ಕೊಟ್ಟೇ ಮುಂದೆ ಹೋಗಬೇಕು. "ಗಾಳಿ ಓಡ್ತೈತೆ, ನೆಲ ನಿಂತೈತೆ. ಅಷ್ಟು ವ್ಯತ್ಯಾಸ ಸಾಕು ಕಣೇ, ನೆಲಾನ ಒದ್ದುಕೊಂಡು ಹೋಗಬಹುದು," ಎನ್ನುತ್ತಿದ್ದ. ಎಂ.ಎಸ್ಸಿ. ಓದಿದ ಹರಿಣಿ ಲೆಕ್ಕ ಹಾಕಿ ನೋಡಿದ್ದಳು. ಅವನ ಮಾತು ಸರಿಯೇ ಇತ್ತು. ಬಂಡಿ ಮಾತ್ರ ಪ್ರತಿ ಭಾನುವಾರವೂ ಕೆರೆ ಏರಿಯ ಮೇಲೆ ಹಿಂದಕ್ಕೇ ಉರುಳುತ್ತಿತ್ತು. ಮೇಷ್ಟ್ರ ಗಾಡಿಗೆ ರಿವರ್ಸ್ ಗೇರೊಂದೇ ಇರುವುದು ಎಂದು ಕೋನಪ್ಪ ಊರಿಗೆಲ್ಲ ಸಾರಿದ್ದ.

ಸ್ಪ್ಯಾನರ್ ಹಿಡಿದು ಕೂತಳು. ಒಂದು ನಟ್ಟು ಸಡಿಲವಾಯಿತು, ಕೈ ನಿಂತಿತು. ಈ ರೆಕ್ಕೆ ಹೋದರೆ ಭಾನು ಊರಿನ ಬಾಯಲ್ಲಿ ರಿವರ್ಸ್ ಗೇರಿನ ಮೇಷ್ಟ್ರಾಗಿಯೇ ಉಳಿಯುತ್ತಾನೆ. ನಟ್ಟನ್ನು ಮತ್ತೆ ಬಿಗಿದಳು. ಇಷ್ಟು ದಿನ ಅವಳು ಲೆಕ್ಕವನ್ನು ನೋಡಿದ್ದಳೇ ಹೊರತು ಬಂಡಿಯನ್ನು ನೋಡಿರಲಿಲ್ಲ. ಈಗ ನೋಡಿದಳು. ರೆಕ್ಕೆಯ ದಂಡಕ್ಕೆ ದೊಡ್ಡ ರಾಟೆ, ಗಾಲಿಯ ಅಚ್ಚಿಗೆ ಸಣ್ಣದು. ಇದು ತಲೆತಲಾಂತರದಿಂದ ರೇಷ್ಮೆ ಹುರಿ ಮಾಡುವ ಮನೆ. ಹುರಿ ಮಾಡುವಾಗ ದೊಡ್ಡ ಚಕ್ರ ಸಣ್ಣದನ್ನು ಗಿರಗಿರನೆ ತಿರುಗಿಸಬೇಕು. ಭಾನುವಿನ ಕೈಗೂ ಅದೇ ಅಂಟಿತ್ತು. ಇಲ್ಲಿ ಬೇಕಾದದ್ದು ವೇಗವಲ್ಲ, ಬಲ. ರೆಕ್ಕೆ ಎಷ್ಟಾದರೂ ಸುತ್ತಲಿ, ಗಾಲಿ ನಿಧಾನಕ್ಕೆ ಉರುಳಲಿ. ಎರಡು ರಾಟೆಗಳನ್ನೂ ಅದಲುಬದಲು ಮಾಡಿ ಬಂಡಿಯನ್ನು ಕಂಕುಳಲ್ಲಿ ಹಿಡಿದು ಹೊರಟಳು. ಏನೆಂದು ಕೇಳದೆ ಕೊಂಡಮ್ಮನೂ ಹಿಂದೆ ಬಂದಳು.

ಏರಿಯ ಮೇಲೆ ಗಾಳಿ ಸೆರಗು ಕಿತ್ತುಕೊಂಡು ಹೋಗುವಂತಿತ್ತು. ಬಂಡಿಯನ್ನು ಅದಕ್ಕೆ ಮುಖಮಾಡಿ ಇಟ್ಟಳು. ರೆಕ್ಕೆ ತಿರುಗಿತು, ಬಂಡಿ ಅಲುಗಲಿಲ್ಲ. ಆಮೇಲೆ ಒಂದು ಗೇಣು ಮುಂದೆ ಬಂತು. ಇನ್ನೊಂದು ಗೇಣು. ಮತ್ತೆ ನಿಲ್ಲಲೇ ಇಲ್ಲ. ಗಂಟಲು ಕಟ್ಟಿದ ಕೋಳಿಯ ಹಾಗೆ ಸದ್ದು ಮಾಡುತ್ತ ಗಾಳಿಯೊಳಗೆ ನುಗ್ಗಿತು. ಎದುರು ಬರುತ್ತಿದ್ದ ಕುರಿಗಳು ದಾರಿ ಬಿಟ್ಟವು. ಕೊಂಡಮ್ಮ ಎರಡೂ ಕೈ ಚಾಚಿಕೊಂಡು ಅದರ ಹಿಂದೆಯೇ ನಡೆದಳು.

"ಎಲ್ಲಿಗ್ ಹೋಗ್ತಾನೆ ನೋಡೇ ಇವ್ನು," ಎಂದಳು.

ಎಲ್ಲರೂ ಅಳು ಅಳು ಎಂದಾಗ ಬರದಿದ್ದ ಅಳು ಹರಿಣಿಗೆ ಆಗಲೂ ಬರಲಿಲ್ಲ. ನಗು ಬಂತು.

ಮಧ್ಯಾಹ್ನದೊಳಗೆ ರೆಕ್ಕೆಯನ್ನು ಬಿಚ್ಚಿ, ಒರೆಸಿ, ಹುಳುಮನೆಗೆ ತೆಗೆದುಕೊಂಡು ಹೋದಳು. ಕೋನಪ್ಪ ಏಣಿ ಹತ್ತಿ ಅದನ್ನು ಕೂರಿಸುತ್ತ, ಏರಿಯ ಕಡೆಯಿಂದ ಏನೋ ಸುದ್ದಿ ಬಂತಲ್ಲ, ನಿಜವೇ ಎಂದು ಬೆನ್ನು ತಿರುಗಿಸಿಕೊಂಡೇ ಕೇಳಿದ. ನಿಜ ಎಂದಳು. ಅವನು ಬಿಗಿಯಾಗಿದ್ದ ಸ್ಕ್ರೂವನ್ನೇ ಸ್ವಲ್ಪ ಹೊತ್ತು ಬಿಗಿದ.

"ಈ ಹುಳುವಿನ ಬೆಳೆ ಮುಗಿದ ಮೇಲೆ ಶೆಡ್ ಖಾಲಿ ಇರ್ತದಲ್ಲಣ್ಣ," ಎಂದಳು ಹರಿಣಿ. "ಆಗ ಇದನ್ನ ಮತ್ತೆ ಬಿಚ್ಚಿಕೊಡ್ತೀರಾ?"

ಕೋನಪ್ಪ ಏಣಿಯ ಮೇಲಿಂದ ಬಗ್ಗಿ ನೋಡಿದ. "ಯಾರಿಗಮ್ಮ?"

"ನಂಗೆ."