ಹದಿನಾಲ್ಕು ಸೆಕೆಂಡು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗವನ್ನು ಮುಚ್ಚಿ ಮೂವತ್ತೊಂದು ಹೆಂಗಸರನ್ನು ಮನೆಗೆ ಕಳಿಸಿದ್ದು ಕಾರ್ಮಿಕರ ಪಕ್ಷದ ಸರ್ಕಾರ. ಕೊಟ್ಟ ಕಾರಣ: ಪ್ರತಿ ಹೊದಿಕೆಗೆ ಹದಿನಾಲ್ಕು ಸೆಕೆಂಡು ನಿಷ್ಕ್ರಿಯ ಸಮಯ.

ಅದನ್ನು ಪತ್ತೆಹಚ್ಚಿದವನು ಪಕ್ಷದ ಯೋಜನಾ ತಜ್ಞ. ನಾಲ್ಕು ದಿನ ಬಾಗಿಲ ಹತ್ತಿರ ಗಡಿಯಾರ ಹಿಡಿದು ನಿಂತಿದ್ದ. ಹೆಂಗಸರು ಅವನಿಗೆ ಟಿಕ್‌ಟಿಕ್ ಮೇಷ್ಟ್ರು ಅಂತ ಹೆಸರಿಟ್ಟು, ಪಾಪ ಕಾಲು ನೋಯುತ್ತೇನೋ ಅಂತ ಸ್ಟೂಲನ್ನೂ ಕೊಟ್ಟಿದ್ದರು. ಕೊಳೆ ಹೊದಿಕೆಯನ್ನು ಮೆಷಿನ್ನಿಗೆ ಹಾಕುವ ಮುಂಚೆ ಅವರು ಮೇಜಿನ ಮೇಲೆ ಹರಡಿ, ದಪ್ಪ ಕೈಗವಸು ಹಾಕಿದ ಅಂಗೈಯಿಂದ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಸವರುತ್ತಿದ್ದರು. ಯಾಕೆ ಅಂತ ಮೇಷ್ಟ್ರು ಕೇಳಲಿಲ್ಲ. ಅವರು ಹುಡುಕುತ್ತಿದ್ದದ್ದು ವಾರ್ಡಿನವರು ಅವಸರದಲ್ಲಿ ಬಿಟ್ಟ ಸೂಜಿ. ಈಗ ಬಟ್ಟೆ ಊರಾಚೆಯ ಕಂಪನಿಗೆ ಹೋಗಿ ಬರುತ್ತದೆ. ಅಲ್ಲಿ ಸವರುವವರಿಲ್ಲ. ಎರಡನೇ ತಿಂಗಳಲ್ಲಿ, ಒಗೆದು ಮಡಿಸಿ ಬಂದ ಹೊದಿಕೆಯ ಅಂಚಿನಲ್ಲಿ ಸಿಕ್ಕಿಕೊಂಡಿದ್ದ ಸೂಜಿಯೊಂದು ಹಾಸಿಗೆ ಹಾಸುತ್ತಿದ್ದ ಆಯಾ ಒಬ್ಬಳ ಹೆಬ್ಬೆರಳಿಗೆ ಚುಚ್ಚಿತು. ರಕ್ತ ತೆಗೆದುಕೊಂಡು, ರೋಗ ಅಂಟಿದೆಯೋ ಇಲ್ಲವೋ ಖಾತ್ರಿಯಾಗಿ ಹೇಳಲು ಮೂರು ತಿಂಗಳು ಬೇಕು ಅಂದರು.

ಆ ಆಯಾ ಅಕ್ಕನ ನಾದಿನಿ. ಅಕ್ಕ ಅಂದರೆ, ಮುಚ್ಚಿದ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ದುಡಿದು ಕೊನೆಗೆ ಅದರ ಮುಖ್ಯಸ್ಥೆಯಾಗಿದ್ದವಳು, ಪಕ್ಷದ ಓದುಕೂಟದಲ್ಲಿ ಕೂತು ಅಕ್ಷರ ಕಲಿತವಳು. ಈ ಮಧ್ಯಾಹ್ನ ಪಕ್ಷದ ಸಮ್ಮೇಳನದಲ್ಲಿ, ವಿಭಾಗವನ್ನು ಮತ್ತೆ ತೆರೆಯಬೇಕೋ ಬೇಡವೋ ಅಂತ ಕೈ ಎತ್ತಿಸುವವರಿದ್ದರು. ಅದಕ್ಕೂ ಮುಂಚೆ ಮೂರು ನಿಮಿಷ ಅವಳ ಮಾತು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಅವಳಿಗಾಗಿ ಇಬ್ಬರು ಕಾಯುತ್ತಿದ್ದರು. ಒಬ್ಬ ಮೇಷ್ಟ್ರು. ಇನ್ನೊಬ್ಬ, ಮಾತಿಗೊಮ್ಮೆ ಜನ ಜನ ಅನ್ನುವ, ತಜ್ಞರನ್ನೆಲ್ಲ ಪೊರಕೆ ಹಿಡಿದು ಗುಡಿಸಬೇಕು ಅಂತ ಊರೂರಲ್ಲಿ ಭಾಷಣ ಬಿಗಿಯುವ ನಾಯಕ. ಪಕ್ಷದಲ್ಲಿ ಎಲ್ಲರೂ ಅವನನ್ನು ಅಣ್ಣ ಅನ್ನುತ್ತಿದ್ದರು. ಇಬ್ಬರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅಣ್ಣ ಒಂದು ಬಿಳಿ ಏಪ್ರನ್ ಮುಂದೆ ಹಿಡಿದ.

"ಇದು ಮಾಂಸದಂಗಡಿಯವರದಲ್ವಾ? ನಮ್ಮದು ನೀಲಿ."

"ಹಿಂದಿನ ಸಾಲಿಗೆ ನೀಲಿ ಕಾಣಲ್ಲ ಅಕ್ಕ. ಹಾಕ್ಕೊಂಡು ಇದನ್ನ ಓದಿ, ಸಾಕು."

ಅವನು ಕೊಟ್ಟ ಹಾಳೆಯಲ್ಲಿ, 'ನಮ್ಮನ್ನು ಸೋಮಾರಿಗಳು ಅಂದರು, ಜನರನ್ನೇ ಸೋಮಾರಿಗಳು ಅಂದರು' ಅಂತಿತ್ತು. ಎರಡು ಕಡೆ ಕಂಸದೊಳಗೆ 'ತಡೆದು' ಅಂತ ಬರೆದಿತ್ತು.

"ಇದೇನು ತಡೆದು?"

"ಅಲ್ಲಿ ಗಂಟಲು ಕಟ್ಟಬೇಕು."

"ತಾನಾಗೇ ಕಟ್ಟದೆ ಹೋದರೆ?"

"ನೀರು ಕುಡಿಯೋ ಹಾಗೆ ನಿಲ್ಲಿಸಿ. ಜನಕ್ಕೆ ಅರ್ಥ ಆಗುತ್ತೆ."

ಮೇಷ್ಟ್ರ ಹಾಳೆ ಚಿಕ್ಕದು. ಅದರ ಪ್ರಕಾರ ಅವಳು ಒಂದು ಉಪಸಮಿತಿ ಬೇಕು ಅಂತ ಕೇಳಬೇಕು. ಅದು ಆರು ತಿಂಗಳಲ್ಲಿ ವರದಿ ಕೊಡಬೇಕು. ಅಕ್ಕ ಎರಡನ್ನೂ ಬೆರಳಿಟ್ಟು ಕೊನೆಯವರೆಗೆ ಓದಿದಳು.

"ಸೂಜಿ ಎಲ್ಲಿ?"

"ಒಂದು ಘಟನೆ ಹಿಡಕೊಂಡು ತೀರ್ಮಾನಕ್ಕೆ ಬರೋಕಾಗಲ್ಲ ಮೇಡಂ," ಅಂದ ಮೇಷ್ಟ್ರು. "ಲಕ್ಷ ಹೊದಿಕೆಗೆ ಒಂದು ಅದು."

"ಆ ಒಂದು ನಮ್ಮನೇಲಿ ನನ್ನ ಪಕ್ಕಾನೇ ಊಟಕ್ಕೆ ಕೂರುತ್ತೆ ಮೇಷ್ಟ್ರೇ. ತನ್ನ ತಟ್ಟೆ ತಾನೇ ಬೇರೆ ಇಟ್ಕೊಂಡಿದೆ, ಮಕ್ಕಳಿಗೆ ಮುತ್ತು ಕೊಡಲ್ಲ. ಹಾಗೆಲ್ಲ ಅಂಟಲ್ಲ ಅಂತ ಡಾಕ್ಟರು ಹೇಳಿದರೂ ಕೇಳಲ್ಲ. ನಾವು ವಾರಕ್ಕೊಂದು ಡಬ್ಬಿ ಸೂಜಿ ತೆಗೆದು ಕೊಡ್ತಿದ್ವಿ. ಅದನ್ನ ಬರಕೊಂಡ್ರಾ?"

ಮೇಷ್ಟ್ರು ತನ್ನ ಫೈಲು ತೆರೆದು ನೋಡಿದ. "ನಮೂನೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ."

"ಕೇಳಿ, ಇಂಥವನ ಕೈಗೆ ಪಕ್ಷ ಕೊಟ್ಟಿದ್ದಾರೆ," ಅಂದ ಅಣ್ಣ. "ಆದರೂ ಸೂಜಿ ಬೇಡ ಅಕ್ಕ. ಸೂಜಿ ಅಂದರೆ ಜನ ಹೆದರ್ತಾರೆ. ನಮಗೆ ಬೇಕಾದ್ದು ಸಿಟ್ಟು. ಹೆದರಿದವನು ಮನೆ ಸೇರ್ತಾನೆ, ಸಿಟ್ಟು ಬಂದವನು ಓಟು ಹಾಕ್ತಾನೆ."

"ಮುಚ್ಚೋ ದಿನ ಅಣ್ಣನೂ ಕೈ ಎತ್ತಿದ್ದರು," ಅಂದ ಮೇಷ್ಟ್ರು, ಯಾರನ್ನೂ ನೋಡದೆ.

"ಆ ದಿನ ಇಪ್ಪತ್ತಮೂರು ವಿಷಯ ಇತ್ತು. ಎಲ್ಲದಕ್ಕೂ ಸೇರಿಸಿ ಒಂದೇ ಸಲ ಎತ್ತಿದ್ವಿ."

ಅಕ್ಕನಿಗೆ ನಗು ಬಂತು. ಹಾವು ಮುಂಗುಸಿ ಒಂದೇ ಬಿಲ ಹಂಚಿಕೊಂಡಿರುವುದನ್ನು ಅವಳು ಈವರೆಗೆ ನೋಡಿರಲಿಲ್ಲ. ಹೊರಗೆ ಸಾವಿರ ಜನ ಕುರ್ಚಿ ಎಳೆದುಕೊಳ್ಳುವ ಸದ್ದು. ಅವಳ ಕೈಕೆಳಗೆ ದುಡಿದ ಮೂವತ್ತು ಹೆಂಗಸರು ಎಡಗಡೆ ಗೋಡೆಗಾನಿಕೊಂಡು ನಿಂತಿದ್ದರು. ಒಳಗೆ ಬರಲು ಅವರಿಗೆ ಚೀಟಿ ಸಿಕ್ಕಿತ್ತು, ಕೂರಲು ಕುರ್ಚಿ ಸಿಕ್ಕಿರಲಿಲ್ಲ. ವೇದಿಕೆಯಿಂದ ಕರೆ ಬಂತು: ಈಗ ಆಸ್ಪತ್ರೆಯ ಸೋದರಿಯವರು ಎರಡು ಮಾತಾಡುತ್ತಾರೆ.

ಅಣ್ಣ ಬಾಗಿಲಿಗೆ ಅಡ್ಡ ನಿಂತ. ದನಿ ಏರಿಸಲಿಲ್ಲ. "ಯಾರ ಹಾಳೆ ಬೇಕಾದರೂ ಓದಿ ಅಕ್ಕ, ಇವನದೇ ಓದಿ ಬೇಕಾದರೆ. ಹಾಳೆಯಲ್ಲಿ ಇಲ್ಲದ್ದು ಮಾತ್ರ ಬೇಡ. ಒಂದು ಮಾತು ಆಚೀಚೆ ಆದರೂ ಮೈಕು ಆರಿಸೋಕೆ ಹೇಳಿದ್ದೀನಿ." ಮೇಷ್ಟ್ರು ಹೌದೆಂಬಂತೆ ತಲೆಯಾಡಿಸಿದ. ಆ ವರ್ಷ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದೇ ಇರಬೇಕು.

ಅಕ್ಕ ಎರಡೂ ಹಾಳೆಗಳನ್ನು ಏಪ್ರನ್ನಿನ ಜೊತೆ ಅಣ್ಣನ ಕೈಗೇ ವಾಪಸು ಕೊಟ್ಟಳು.

"ಓದಲ್ಲ," ಅಂದಳು. "ಮೈಕು ಆರಿಸಿ. ಎಂಟು ಮೆಷಿನ್ನು ಒಟ್ಟಿಗೆ ತಿರುಗೋವಾಗ ಮೂವತ್ತು ಜನಕ್ಕೆ ಕೇಳೋ ಹಾಗೆ ಮಾತಾಡಿದ ಗಂಟಲು ಇದು."