ಮಾಳಿಗೆಯ ಮಣ್ಣು ಸುರಿದಾಗ ರಸೂಲಬಿ

ಮಣ್ಣಿನ ಚಾವಣಿಯ ಹಳೆಯ ಮಾಳಿಗೆ ಕೆಡವುವಾಗ ಏಳುವ ಮಣ್ಣಿನ ವಾಸನೆ ನನ್ನನ್ನು ಈಗಲೂ ನಿಜಾಮರ ಕಾಲದ ಮಸ್ಕಿಯ ಒಂದು ಮಧ್ಯಾಹ್ನಕ್ಕೆ ಒಯ್ಯುತ್ತದೆ. ಅವ್ವ ಹೆರಿಗೆ ನೋವಿನಲ್ಲಿದ್ದಳು. ಸೂಲಗಿತ್ತಿ ರಸೂಲಬಿ ಬಳಿಯಲ್ಲಿ ಕೂತಿದ್ದಳು. ಒಮ್ಮೆಲೇ ನೆಲ ಗುಡುಗಿ ನಡುಗಿತು. ಗೋಡೆ ಬಿರಿದು ಮಾಳಿಗೆಯ ಮಣ್ಣು ಸುರಿಯತೊಡಗಿತು. ಅಜ್ಜಿ ನನ್ನನ್ನು ಎಳೆದುಕೊಂಡು ಅಂಗಳಕ್ಕೆ ಓಡಿ ಕೂಗಿದಳು:

"ರಸೂಲಬೀ, ಸೊಸೀನ ಕರ್ಕೊಂಡು ಜಲ್ದಿ ಹೊರಗ ಬಾ ಬೇ!"

"ಕೂಸಿನ ತಲಿ ಬಂದೈತ್ರೀ. ಈಗ ಏಳಿಸಾಕ ಬರಂಗಿಲ್ಲ. ನಾ ಇಲ್ಲೇ ಇರ್ತೀನಿ."

ನಡುಕ ನಿಂತ ಮೇಲೆ ಒಳಗೆ ಓಡಿದೆವು. ರಸೂಲಬಿ ಅವ್ವನ ಮೇಲೆ ಬಾಗಿಯೇ ಇದ್ದಳು. ಅವಳ ಬೆನ್ನ ತುಂಬ ಮಣ್ಣು, ಹಣೆಯಲ್ಲಿ ರಕ್ತ. ಕೆಳಗೆ ಅಳುತ್ತಿದ್ದ ತಮ್ಮನ ಮೈಮೇಲೆ ಒಂದು ಹರಳೂ ಬಿದ್ದಿರಲಿಲ್ಲ.

ಅದುವರೆಗೆ ಅವಳ ಬೊಗಸೆಗೆ ಎತ್ತರದಿಂದಲೇ ನೀರು ಹೊಯ್ಯುತ್ತಿದ್ದ ಅಜ್ಜಿ, ತನ್ನ ಸೆರಗಿನಿಂದ ಅವಳ ಹಣೆ ಒರೆಸಿದಳು.